ಐದು ಮೊದಲು, ಇಪ್ಪತ್ತು ಆಮೇಲೆ

ಸುಲಭಾ ವಾಘಮೋಡೆ ಹೆಸರಿನಲ್ಲಷ್ಟೇ ಸುಲಭ ಎಂದು ಅವಳ ಗಂಡ ರೇಗಿಸುತ್ತಿದ್ದ. ಕೊಲ್ಹಾಪುರದಲ್ಲಿ ಓದಿ ಬೆಳೆದ ಹುಡುಗಿ, ಇಪ್ಪತ್ತಮೂರನೆಯ ವಯಸ್ಸಿಗೆ ಆಟಪಾಡಿ ತಾಲೂಕಿನ ಕುರಿಗಾಹಿಗಳ ವಸ್ತಿಯೊಂದರ ಮರಾಠಿ ಶಾಲೆಗೆ ಟೀಚರಾಗಿ ಬಂದಳು. ಬಂದ ಮೊದಲ ದಿನದಿಂದ ಪ್ರತಿ ಬೆಳಿಗ್ಗೆ ಚಾಪೆಗಳನ್ನೆಲ್ಲ ಕೊಡವಿ, ಮಗುಚಿ, ಚೇಳು ಇಲ್ಲವೆಂದು ಖಾತ್ರಿಯಾದ ಮೇಲೆಯೇ ಮಕ್ಕಳನ್ನು ಕೂರಿಸುತ್ತಿದ್ದಳು. ಅಲ್ಲಿ ಟೀಚರಮ್ಮನಿಗೆ ‘ಬಾಯಿ’ ಎನ್ನುವುದು ರೂಢಿ; ವಸ್ತಿಯವರು ಅವಳಿಗೆ ಹಿಂದಿನಿಂದ ಚೇಳುಬಾಯಿ ಎನ್ನುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಂದು ಮಗುವನ್ನೂ ಚೇಳು ಕುಟುಕಿರಲಿಲ್ಲ. ಅದನ್ನು ಮಾತ್ರ ಯಾರೂ ಆಡಿಕೊಳ್ಳುತ್ತಿರಲಿಲ್ಲ.

ಇಂಥವಳ ಕೈಗೆ ಆ ವರ್ಷ ಹನ್ನೆರಡು ಟ್ಯಾಬ್‌ಗಳು ಬಂದವು. ತನ್ನ ಮೂರು ವರ್ಷದ ಮಗಳಿಗೆ ಮೊಬೈಲು ಮುಟ್ಟಲು ಬಿಡದವಳು ಅವಳು. ಈಗ ಮೂವತ್ತು ಮಕ್ಕಳ ಕಣ್ಣಿನ ಚಿಂತೆ, ಕತ್ತಿನ ಚಿಂತೆ, ಬಿಸಿಯಾದರೆ ಸಿಡಿದೀತೆಂಬ ಚಿಂತೆ, ಕೈಜಾರಿದರೆ ಒಡೆದೀತೆಂಬ ಚಿಂತೆ. ಹಳೆಯ ಕೌದಿ ಕತ್ತರಿಸಿ ಹನ್ನೆರಡಕ್ಕೂ ಚೀಲ ಹೊಲಿದಳು. ತಾಲೂಕಿನಲ್ಲಿ ಒಂದು ದಿನದ ತರಬೇತಿ ಕೊಟ್ಟವನು, "ಮೂಲೆಯಾಗಿನ ಗುಂಡಿ ಒತ್ತಾಕ ಹೋಗಬ್ಯಾಡ್ರಿ, ಎಲ್ಲಾ ಕೆಟ್ಟು ಹೋಗ್ತೈತಿ," ಎಂದಿದ್ದ. ಸುಲಭಾ ಅದನ್ನು ವಹಿಯಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದಳು.

ಮಕ್ಕಳಿಗೆ ಮಾತ್ರ ಹಬ್ಬ. ಟ್ಯಾಬಿನ ಒಳಗಿಂದ ಒಬ್ಬ ಹೆಂಗಸು ಸಂಖ್ಯೆ ಹೇಳುತ್ತಾಳೆ, ಕೆಳಗಿನ ಅಂಕಿಗಳನ್ನು ಒತ್ತಬೇಕು. ಸರಿಯಾದರೆ ನಕ್ಷತ್ರ ಹಾರುತ್ತದೆ, ತಪ್ಪಾದರೆ ಹಳದಿ ಮುಖವೊಂದು ಬಾಯಿ ಸೊಟ್ಟ ಮಾಡಿ ಅಳುತ್ತದೆ. ಎರಡನೆಯ ತರಗತಿಯ ಮುಕ್ತಾ ಕೋಳೇಕರಳ ಟ್ಯಾಬಿನಲ್ಲಿ ಆ ಹಳದಿ ಮುಖ ಅಳು ನಿಲ್ಲಿಸಿದ್ದೇ ಇಲ್ಲ. ಎರಡು ತಿಂಗಳಾದ ಮೇಲೆ ಆ್ಯಪ್ ತಾನಾಗಿಯೇ ಅವಳನ್ನು ಹಿಂದಕ್ಕೆ ತಳ್ಳಿ, ಒಂದರಿಂದ ಹತ್ತರ ಪಾಠಕ್ಕೆ ಕೂರಿಸಿತು. ಪಾಲಕರ ಸಭೆಯ ದಿನ ಪಟ್ಟಿಯಲ್ಲಿ ಅವಳ ಹೆಸರು ಕಟ್ಟಕಡೆಗೆ, ಕೆಂಪು ಬಣ್ಣದಲ್ಲಿ.

ಅವಳಪ್ಪ ಬಿರಾ ಕೋಳೇಕರ ಓದು ಬಾರದಿದ್ದರೂ ಕೆಂಪು ಗುರುತಿಸಿದ.

"ಇದೇನ್ ಬಾಯಿ, ರಕ್ತ ಬಂದಂಗ?"

"ಸ್ವಲ್ಪ ಹಿಂದ ಬಿದ್ದಾಳ್ರಿ, ದಾದಾ."

"ಯಂತ್ರಾನ ದಡ್ಡಿ ಅಂದ ಮ್ಯಾಲ ನಾನೂ ನೀವೂ ಏನ್ ಹೇಳೂದು? ದೀಪಾವಳಿ ಆದ ಕೂಡ್ಲೇ ಹಿಂಡು ಕೊಂಕಣಕ್ಕ ಹೊಂಟೈತಿ. ಅಜ್ಜಿ ಹತ್ರ ಬಿಟ್ಟು ಹೋಗೂಣು ಅಂತಿದ್ದೆ. ಈಗ ಕರ್ಕೊಂಡು ಹೋಗ್ತೀನಿ. ಮರಿ ಕಾಯಾಕ ನಕ್ಷತ್ರ ಬೇಕಾಗಂಗಿಲ್ಲ."

ಹಿಂಡಿನ ಹಿಂದೆ ಹೋದ ಹುಡುಗಿಯರು ಜೂನಿನಲ್ಲಿ ಮರಳಿ ಬಂದಾಗ ಶಾಲೆಯ ಕಡೆ ಕತ್ತು ತಿರುಗಿಸುವುದಿಲ್ಲ ಎಂದು ಸುಲಭಾಗೆ ಗೊತ್ತಿತ್ತು. ಅಂಥ ನಾಲ್ವರನ್ನು ಅವಳು ನೋಡಿದ್ದಳು. "ಶನಿವಾರದ ತನಕ ತಡೀರಿ," ಎಂದಳು. ಏಕೆ ತಡೆಯಬೇಕೆಂದು ಅವಳಿಗೇ ತಿಳಿದಿರಲಿಲ್ಲ.

ಮೊದಲು ಮುಕ್ತಾಳ ಕಣ್ಣಿನ ಮೇಲೆ ಅನುಮಾನ. ದೂರದ ಗುಡ್ಡದಲ್ಲಿ ಎಷ್ಟು ಮೇಕೆ ಎಂದು ಕೇಳಿದಳು. ಮುಕ್ತಾ ಮೇಕೆ ಎಷ್ಟು, ಅದರಲ್ಲಿ ಕುಂಟುವುದು ಯಾವುದು ಎರಡನ್ನೂ ಹೇಳಿದಳು. ಆಮೇಲೆ ಕಿವಿಯ ಮೇಲೆ. ಹಿಂದೆ ನಿಂತು ಪಿಸುಗುಟ್ಟಿದ ಸಂಖ್ಯೆಯನ್ನು ಮುಕ್ತಾ ವಹಿಯಲ್ಲಿ ಬರೆದಳು, ಸರಿಯಾಗಿಯೇ. ಹತ್ತು ಸಂಖ್ಯೆ ಹೇಳಿದರೆ ಹತ್ತೂ ಸರಿ. ಟ್ಯಾಬಿನಲ್ಲಿ ದೊಡ್ಡ ಸಂಖ್ಯೆಗಳ ಹಳೆಯ ಪಾಠ ತೆರೆದು ಅದೇ ಹತ್ತನ್ನು ಕೇಳಿಸಿದರೆ ಒಂಬತ್ತು ತಪ್ಪು. ಸರಿಯಾದದ್ದು ನಲವತ್ತನಾಲ್ಕು ಒಂದೇ.

"ಯಾಕವಾ ಹಿಂಗ ಮಾಡ್ತಿ? ಟ್ಯಾಬ್ ಕಂಡ್ರ ಹೆದರಿಕಿ ಏನು?"

"ನಾ ಸರೀನ ಒತ್ತತೀನ್ರಿ ಬಾಯಿ. ಅದಕ್ಕ ನನ್ನ ಕಂಡ್ರ ಆಗಂಗಿಲ್ಲ."

ಬುಧವಾರ ಹೋಯಿತು. ಗುರುವಾರ ಊಟದ ಬಿಡುವಿನಲ್ಲಿ, ಖಿಚಡಿಯ ತಟ್ಟೆಯನ್ನು ಬದಿಗಿಟ್ಟು ಮುಕ್ತಾ ವಹಿಯಲ್ಲಿ ಬರೆಯುತ್ತಿದ್ದಾಗ, ಸುಲಭಾ ಅಕ್ಷರ ನೋಡುವುದನ್ನು ಬಿಟ್ಟು ಕೈ ನೋಡಿದಳು. "ಪಂಚವೀಸ," ಎಂದಳು.

ನಾವು ಇಪ್ಪತ್ತೈದು ಎನ್ನುವಾಗ ಇಪ್ಪತ್ತು ಮೊದಲು ಬರುತ್ತದೆ, ಐದು ಆಮೇಲೆ. ಅವರ ಮರಾಠಿಯಲ್ಲಿ ತಿರುವುಮುರುವು: ಪಂಚ ಮೊದಲು, ವೀಸ ಆಮೇಲೆ. ಮುಕ್ತಾ ಎಡಗಡೆ ಒಂದು ಅಂಕಿಯಷ್ಟು ಜಾಗ ಬಿಟ್ಟು ಮೊದಲು ಐದು ಬರೆದಳು. ಪೆನ್ಸಿಲನ್ನು ಎಡಕ್ಕೆ ಎಳೆದು ಆ ಖಾಲಿ ಜಾಗದಲ್ಲಿ ಎರಡು ಬರೆದಳು. ಕಾಗದದ ಮೇಲೆ 25.

ಸುಲಭಾ ವಹಿಯ ಪಕ್ಕ ಟ್ಯಾಬನ್ನು ಇಟ್ಟಳು. ಟ್ಯಾಬಿನಲ್ಲಿ ಬಿಡಲು ಜಾಗವೆಲ್ಲಿದೆ? ಮೊದಲು ಐದು ಒತ್ತಿದರೆ ಅದು ಎಡಕ್ಕೇ ಹೋಗಿ ಕೂರುತ್ತದೆ. 52. ನಾಲಗೆ ಹೇಳಿದ ಕ್ರಮದಲ್ಲೇ ಬೆರಳು ನಡೆದಿದೆ. ಹುಡುಗಿ ಎರಡು ತಿಂಗಳು ಸರಿಯಾದದ್ದನ್ನೇ ಮಾಡಿ ಎರಡು ತಿಂಗಳು ಬೈಸಿಕೊಂಡಿದ್ದಾಳೆ. ತಾನು ಹನ್ನೊಂದು ವರ್ಷ ವಹಿ ತಿದ್ದಿದವಳು, ಒಂದು ಮಗುವಿನ ಕೈಯನ್ನೂ ನೋಡಿರಲಿಲ್ಲ!

ಉಲ್ಟಾ ಒತ್ತಲು ಹೇಳಿಕೊಟ್ಟರಾಯಿತು ಎಂದುಕೊಂಡಳು. ಹೇಳಿಕೊಟ್ಟಳು. ಶುಕ್ರವಾರವಿಡೀ ಮುಕ್ತಾಳ ತೋರುಬೆರಳು ಗಾಜಿನ ಮೇಲೆ ಎತ್ತಿದಲ್ಲೇ ನಿಂತಿತು. ನಾಲಗೆ ಒಂದು ಕಡೆ ಎಳೆದರೆ ಬೆರಳು ಇನ್ನೊಂದು ಕಡೆ. ಈಗ ಸರಿ ಇದ್ದ ವಹಿಯಲ್ಲೂ ತಪ್ಪು ಬರತೊಡಗಿತು. ಸುಲಭಾ ಟ್ಯಾಬನ್ನು ಕಿತ್ತುಕೊಂಡು ದಿಟ್ಟಿಸಿದಳು. ಮೂಲೆಯಲ್ಲಿ ಒಂದು ಚಿಕ್ಕ ಪೆನ್ಸಿಲಿನ ಚಿತ್ರ. ಒತ್ತಬೇಡಿ ಎಂದಿದ್ದ ಗುಂಡಿ.

ಎಲ್ಲಾ ಕೆಟ್ಟುಹೋದರೆ? ಹನ್ನೆರಡನ್ನೂ ವಾಪಸು ಒಯ್ದರೆ? ತನ್ನಿಂದಲೇ ಆಯಿತು ಎಂದು ಬರೆದುಕೊಂಡರೆ? ಮುಕ್ತಾ ಅವಳ ಮುಖವನ್ನೇ ನೋಡುತ್ತಿದ್ದಳು. ಸುಲಭಾ ಕಣ್ಣು ಮುಚ್ಚಿ ಒತ್ತಿಯೇ ಬಿಟ್ಟಳು.

ಏನೂ ಕೆಡಲಿಲ್ಲ. ಅಂಕಿಗಳ ಸಾಲು ಮಾಯವಾಗಿ ಖಾಲಿ ಪಾಟಿಯಂಥದೊಂದು ತೆರೆದುಕೊಂಡಿತು. "ತ್ರೇಚಾಳೀಸ," ಎಂದಳು ಒಳಗಿನ ಹೆಂಗಸು. ನಲವತ್ತಮೂರು. ಮುಕ್ತಾ ಬೆರಳಿನಿಂದ ಬಲಕ್ಕೆ ಮೂರು ಬರೆದಳು, ಎಡಕ್ಕೆ ನಾಲ್ಕು. ಟ್ಯಾಬು ಒಂದು ಗಳಿಗೆ ಯೋಚಿಸಿತು. ನಕ್ಷತ್ರ ಹಾರಿತು.

"ಬಾಯಿ, ಅದು ನಕ್ಕಿತ್ರಿ!" ಎಂದು ಮುಕ್ತಾ ಚೀರಿದ್ದಕ್ಕೆ ಹೊರಗೆ ಕಟ್ಟಿದ್ದ ಮೇಕೆ ಹಗ್ಗ ಜಗ್ಗಿತು.

ಶನಿವಾರ ಬಿರಾ ಬಂದ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಹಿಂದೆ ವಸ್ತಿಯ ಅರ್ಧ ಜನ. ಮುಕ್ತಾ ಎಲ್ಲರೆದುರು ಕೂತು ಇಪ್ಪತ್ತು ಸಂಖ್ಯೆ ಬರೆದಳು. ಇಪ್ಪತ್ತು ನಕ್ಷತ್ರ.

ಬಿರಾ ಮೀಸೆ ಸವರಿಕೊಂಡ. "ಮೊನ್ನೆ ದಡ್ಡಿ ಅಂತು, ಇವತ್ತ ಶಾಣ್ಯಾಕಿ ಅಂತೈತಿ. ಇಂಥಾದ್ದರ ಮಾತಿಗೆ ಏನ್ ಬೆಲಿ ಬಾಯಿ?"

ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಅವನ ಕೋಲನ್ನು ನೋಡಿದ ಸುಲಭಾಗೆ ಏನೋ ಹೊಳೆಯಿತು. "ದಾದಾ, ಕುರಿ ಎಣಿಸಿ ನೆನಪಿಗೆ ಬರ್ಕೋತೀರಲ್ಲ, ಹಂಗ ಇಲ್ಲಿ ಮಣ್ಣಾಗ ಬರೀರಿ. ಚೌರ್ಯಾಹತ್ತರ."

ಎಪ್ಪತ್ತನಾಲ್ಕು. ಬಿರಾ ಕೋಲಿನಿಂದ ಮಣ್ಣಿನಲ್ಲಿ ಮೊದಲು ನಾಲ್ಕು ಗೀಚಿದ. ಒಂದು ಹೆಜ್ಜೆ ಎಡಕ್ಕೆ ಸರಿದು ಏಳು ಗೀಚಿದ.

"ಅಪ್ಪಾನ ನಂಗ ಕಲಿಸಿದ್ದು," ಎಂದಳು ಮುಕ್ತಾ.

"ಈಗ ಇದರಾಗ ಒತ್ತರಿ," ಎಂದು ಸುಲಭಾ ಹಳೆಯ ಅಂಕಿಸಾಲು ತೆರೆದು, ಅದೇ ಸಂಖ್ಯೆಯ ಪ್ರಶ್ನೆ ತೆಗೆದು ಟ್ಯಾಬು ಕೊಟ್ಟಳು. ಅಂಕಿಗಳನ್ನಷ್ಟೇ ಬಲ್ಲ ಬಿರಾ ದಪ್ಪ ಬೆರಳಿನಿಂದ ನಾಲ್ಕು ಒತ್ತಿದ, ಏಳು ಒತ್ತಿದ. 47. ಹಳದಿ ಮುಖ ಬಾಯಿ ಸೊಟ್ಟ ಮಾಡಿ ಅತ್ತಿತು.

ಜನ ಗೊಳ್ಳೆಂದು ನಕ್ಕರು. "ಬಿರಾ, ನಿನ್ನೂ ಒಂದನೇ ಕ್ಲಾಸಿಗೆ ಕೂಡಸ್ತಾರ ನೋಡೋ!" ಎಂದಳು ಅವನ ತಾಯಿ, ಬೊಚ್ಚುಬಾಯಿ ತೆರೆದು.

ಬಿರಾ ನಗಲಿಲ್ಲ. ಮಣ್ಣಿನಲ್ಲಿದ್ದ ಅಂಕಿಯನ್ನೂ ಗಾಜಿನಲ್ಲಿದ್ದ ಅಂಕಿಯನ್ನೂ ಬಹಳ ಹೊತ್ತು ನೋಡಿದ. "ಕೊಂಕಣಕ್ಕ ಒಯ್ದ ನೂರಾ ಚಿಲ್ರ ಕುರಿ ಒಂದೂ ತಪ್ಪದಂಗ ಎಣಿಸ್ಕೊಂಡು ತಂದಾವ ನಾನು," ಎಂದ. "ನಾನಽ ದಡ್ಡ ಅಲ್ಲ ಅಂದ ಮ್ಯಾಲ ನನ್ನ ಮಗಳು ಹೆಂಗ ದಡ್ಡಿ?" ಆಮೇಲೆ ತಾಯಿಯ ಕಡೆ ತಿರುಗಿ, "ಅವ್ವಾ, ಇಕಿ ನಿನ್ನ ಹತ್ರ ಇರ್ತಾಳ. ದಿನಾ ಸಾಲಿಗೆ ಕಳಸು."

ಚೇಳುಬಾಯಿ ಅಷ್ಟು ಜನರ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದೇ ಅವಳು ಹನ್ನೆರಡು ಟ್ಯಾಬುಗಳಲ್ಲೂ ಪೆನ್ಸಿಲು ಒತ್ತಿದಳು. ಪಟ್ಟಿಯಲ್ಲಿ ಕೆಂಪಿನಲ್ಲಿದ್ದ ಇನ್ನೂ ಐದು ಮಕ್ಕಳು ಕೆಲವೇ ದಿನಗಳಲ್ಲಿ ಮೇಲೆ ಬಂದರು. ಮುಂದಿನ ತಿಂಗಳ ತಾಲೂಕಿನ ಸಭೆಯಲ್ಲಿ ನಲವತ್ತು ಟೀಚರುಗಳ ಎದುರು ಅವಳನ್ನೇ ಎಬ್ಬಿಸಿ ನಿಲ್ಲಿಸಿದರು. ಅವಳು ಹೇಳಿದಳು: "ಉತ್ತರ ಆಮೇಲೆ ನೋಡ್ರಿ. ಮೊದಲು ಕೂಸಿನ ಕೈ ನೋಡ್ರಿ."

ಡಿಸೆಂಬರಿನ ಒಂದು ಮಧ್ಯಾಹ್ನ ಒಳಗಿನ ಹೆಂಗಸು ಮೊದಲ ಸಲ, "ಏಕಶೇ ಪಂಚವೀಸ," ಎಂದಳು. ನೂರು ಮೊದಲು, ಆಮೇಲೆ ಐದು, ಕಡೆಗೆ ಇಪ್ಪತ್ತು. ಮುಕ್ತಾ ಒಂದು ಬರೆದಳು, ನಡುವೆ ಜಾಗ ಬಿಟ್ಟು ಐದು ಬರೆದಳು, ಹಿಂದೆ ಬಂದು ಎರಡನ್ನು ನಡುವೆ ಕೂರಿಸಿದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಜೆ ಶಾಲೆ ಬಿಡುವ ಹೊತ್ತಿಗೆ ಬಿರಾ ಕೊಂಕಣದಿಂದ ಸುಲಭಾಳ ಮೊಬೈಲಿಗೆ ಫೋನು ಮಾಡಿದ. ಮುಕ್ತಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂಗಿದಳು:

"ಅಪ್ಪಾ, ನಾ ನೂರು ದಾಟೀನಿ!"

"ಹೌದನ?" ಅತ್ತಲಿಂದ ಕುರಿಗಳ ಸದ್ದಿನ ನಡುವೆ ಅವನ ದನಿ ಕೇಳಿತು. "ಹಂಗಾದ್ರ ನನ್ನ ಹಿಂಡು ಪೂರಾ ನಿನ್ನ ಕೈಯಾಗ ಬಂತು ನೋಡು."