ಹುಬ್ಬು ಒಸಿ ಅಲ್ಲಾಡಿದ್ದಕ್ಕೆ

ಗೆಳೆಯರೇ, ಇವತ್ತು ಚನ್ನಪಟ್ಟಣದ ನನ್ನ ಬೊಂಬೆ ಅಂಗಡಿಗೆ ಹಳೇ ದೋಸ್ತ್ ಮಹೇಶ ಬಂದ. ಬಂದವನೇ ಮೊಬೈಲಿನಲ್ಲಿ ತೊಂಬತ್ತರ ದಶಕದ ಜಪಾನಿ ಅನಿಮೆ ಕಾರ್ಟೂನ್ ಒಂದನ್ನು ತೋರಿಸಿದ.

"ನೋಡ್ಲಾ, ಈ ಸಂಜೆ ಆಕಾಶಕ್ಕೆ ಕೈಯಲ್ಲೇ ಬಣ್ಣ ಹಚ್ಚವ್ರೆ. ಗೆರೆ ಒಸಿ ಅಲ್ಲಾಡೈತಲ್ಲ, ಅದೇ ಕಣ್ಲಾ ಕಲೆ! ಈಗಿನ ಕಂಪ್ಯೂಟರ್ ಚಿತ್ರದಲ್ಲಿ ಜೀವ ಎಲ್ಲೈತೆ?"

ಆ ಆಕಾಶ ನಿಜಕ್ಕೂ ಸೊಗಸಾಗಿತ್ತು. ಇವನ ಕಣ್ಣಂತೂ ತೇವವಾಗಿತ್ತು.

ಆಮೇಲೆ ಮಗಳಿಗೆಂದು ಮರದ ಬೊಂಬೆಯೊಂದನ್ನು ಎತ್ತಿಕೊಂಡು ಮುಖ ಸಿಂಡರಿಸಿದ.

"ಏನ್ಲಾ ಇದು, ಒಂದು ಹುಬ್ಬು ಮೇಲೆ, ಒಂದು ಕೆಳಗೆ?"

"ನಮ್ಮವ್ವ ಕೈಯಲ್ಲಿ ಬರ್ದಿರೋದು ಕಣ್ಲಾ."

"ಅದಕ್ಕೇ ಹಿಂಗಾಗೈತೆ. ಮಿಷಿನ್ದು ಇದ್ರೆ ಕೊಡು."

ಇನ್ನು ಅವ್ವನ ಬೊಂಬೆಗಳನ್ನು ಒಮ್ಮೆ ಜಪಾನಿಗೆ ಕಳಿಸಿ, ವಾಪಸ್ ತರಿಸಿ ಇವನಿಗೆ ಮಾರುವುದೇ ವಾಸಿ. ಆಗ ಅದೇ ಹುಬ್ಬು ನೋಡಿ ಅತ್ತರೂ ಅತ್ತಾನು.