ಮಲ್ಕಮ್ಮನ ಎರಡು ಹಲ್ಲು

ನನ್ನ ಅಕ್ಷರ ಚೆನ್ನಾಗಿಲ್ಲ, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು. ಓದುವವರು ಕ್ಷಮಿಸಬೇಕು. ತಪ್ಪಾಗಬಾರದೆಂದು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆದಿದ್ದೇನೆ.

ಮಲ್ಕಮ್ಮ ನಮ್ಮ ಪಕ್ಕದ ಮನೆಯಾಕೆ. ಅರವತ್ತರ ಹತ್ತಿರ ವಯಸ್ಸು, ಗಂಡನಿಲ್ಲ, ಮಕ್ಕಳಿಲ್ಲ. ಕಮಲಾಪುರದ ಸಂತೆಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾಳೆ. ನಮ್ಮ ಹಳ್ಳಿಯಲ್ಲಿ ಯಾವ ಕೂಸು ಹಾಲು ಕುಡಿಯದೆ ಅತ್ತರೂ ದೃಷ್ಟಿ ತೆಗೆಯಲು ಆಕೆಯನ್ನೇ ಕರೆಯುತ್ತಿದ್ದರು. ಉಪ್ಪು, ಮೆಣಸಿನಕಾಯಿ ಮೂರು ಸಲ ಇಳಿಸಿ ಒಲೆಗೆ ಹಾಕುತ್ತಿದ್ದಳು. ಬಾಯಲ್ಲಿ ಏನೋ ಗುಣಗುಣ. ಏನು ಮಂತ್ರವೆಂದು ಒಮ್ಮೆ ಕೇಳಿದೆ.

"ಮಂತ್ರ ಎಲ್ಲಿದು ತಂಗಿ, ನನ್ನ ತವರಮನಿ ಮಂದಿ ಹೆಸರು ಹೇಳ್ತೀನಿ. ಸುಮ್ನಿದ್ರ ಯಾರೂ ನಂಬಂಗಿಲ್ಲ" ಎಂದು ನಕ್ಕಳು.

ಈ ಶ್ರಾವಣದಲ್ಲಿ ನಮ್ಮ ದೊಡ್ಡಪ್ಪ ಚಂದ್ರಶಾ ಅವರ ಮೊಮ್ಮಗನಿಗೆ ಆಕೆ ದೃಷ್ಟಿ ತೆಗೆದ ಮೂರನೇ ದಿನ ಫಿಟ್ಸ್ ಬಂತು. ಅದೇ ವಾರ ದೊಡ್ಡವ್ವನ ಸೀರೆಯಲ್ಲಿ ಸುಟ್ಟ ತೂತು ಕಂಡಿತು. ಬಟ್ಟೆ ತಾನಾಗಿ ಸುಟ್ಟರೆ ನಮ್ಮ ಕಡೆ ಭಾನಾಮತಿ ಮಾಟ ಎನ್ನುತ್ತಾರೆ. ಆ ಸೀರೆ ಸುಟ್ಟವಳು ನಾನು. ಮಳೆಗೆ ಒಣಗದೆ ಒಲೆಯ ಹತ್ತಿರ ಹಾಕಿದ್ದೆ, ಹೆದರಿ ಹೇಳಿರಲಿಲ್ಲ. ಇದು ಮಲ್ಕಮ್ಮನದೇ ಮಾಟ ಎಂಬ ಮಾತು ಬಂದಾಗ, ಸುಟ್ಟವಳು ನಾನೇ ಎಂದು ಎಲ್ಲರ ಮುಂದೆ ಹೇಳಿದೆ.

ದೊಡ್ಡಪ್ಪ ನನ್ನ ಮುಖವನ್ನೇ ನೋಡಿದರು. "ನಾಕು ಮಂದ್ಯಾಗ ಬಾಯಿ ಬಿಡಲಾರದ ಹುಡುಗಿ ಇದು. ಅಕಿನೇ ಇದರ ಬಾಯಾಗ ಕುಂತು ಮಾತಾಡಾಕತ್ಯಾಳ."

ಅವ್ವ ನನ್ನ ತೋಳಿಗೆ ಕರಿ ದಾರ ಕಟ್ಟಿದಳು.

ಮಾಟ ಮಾಡುವವರಿಗೆ ಮುಂದಿನ ಎರಡು ಹಲ್ಲಿಲ್ಲದಿದ್ದರೆ ಮಂತ್ರ ಸರಿಯಾಗಿ ಹೊರಡುವುದಿಲ್ಲವಂತೆ. ಅಮಾವಾಸ್ಯೆಯೊಳಗೆ ಮಲ್ಕಮ್ಮ ಕೀಳಿಸಿಕೊಂಡರೆ ಊರಲ್ಲಿರಲಿ, ಇಲ್ಲವಾದರೆ ತಾವೇ ಕೀಳುತ್ತೇವೆ ಎಂದು ಹಿರಿಯರು ಹೇಳಿದರು.

"ಕಲ್ಲಿಲೆ ಬಡದು ಕೀಳೂದಕ್ಕಿಂತ ಡಾಕ್ಟರ್ ಸೂಜಿ ಮಾಡಿ ಕೀಳೂದು ಛಲೋ. ಬೋರ್ಡ್ ಓದಾಕ ನೀ ಬಾ" ಎಂದಳು ಮಲ್ಕಮ್ಮ.

ಇಬ್ಬರೂ ಬಸ್ಸಿನಲ್ಲಿ ಕಲಬುರಗಿಗೆ ಹೋದೆವು. ಸೂಪರ್ ಮಾರ್ಕೆಟ್ ಹತ್ತಿರ ಒಂದು ಹಲ್ಲಿನ ದವಾಖಾನೆ ಸಿಕ್ಕಿತು. ಡಾಕ್ಟರ್ ಹೆಸರು ಸಂಘಮಿತ್ರಾ.

"ಹಲ್ಲು ಗಟ್ಟಿ ಅದಾವಲ್ಲ ಆಯಿ, ಯಾಕ ತಗಸ್ತೀರಿ?"

"ನೋಯ್ತಾವ್ರೀ."

ಡಾಕ್ಟರ್ ತಟ್ಟಿ ನೋಡಿದರು. ಮಲ್ಕಮ್ಮ ಅಲುಗಲಿಲ್ಲ. ಅವರು ನನ್ನ ಕಡೆ ತಿರುಗಿದಾಗ ಎಲ್ಲ ಹೇಳಿಬಿಟ್ಟೆ.

ಅವರು ಗ್ಲೌಸ್ ತೆಗೆದು ಕುಳಿತರು. "ಇದು ಇಲ್ಲಿದಷ್ಟ ಅಲ್ಲ. ಹಿಂದ ಯುರೋಪಿನಾಗೂ ಆಕಳ ಸತ್ರ, ಕೂಸು ಸತ್ರ ಬಾಜೂ ಮನಿ ಮುದುಕಿನ್ನ ಹಿಡೀತಿದ್ರು."

"ಹಿಡದು ಏನ್ ಮಾಡ್ತಿದ್ರರೀ?"

"ಗಲ್ಲಿಗೆ ಹಾಕ್ತಿದ್ರು. ಸುಡ್ತಿದ್ರು."

"ಹಂಗಾರ ನಮ್ಮವ್ರು ಛಲೋರೀ ಡಾಕ್ಟರ್ ಬಾಯಾರ. ಎರಡ ಹಲ್ಲು ಕೇಳ್ಯಾರ."

ಡಾಕ್ಟರ್ ನಗಲಿಲ್ಲ. ಗಟ್ಟಿ ಹಲ್ಲು ಕೀಳುವುದಿಲ್ಲ, ಇದಕ್ಕೆ ಕಾನೂನಿದೆ, ಪೊಲೀಸರಿಗೆ ಹೇಳಿ ಎಂದರು.

"ಪೊಲೀಸ್ರು ಒಂದಿನ ಬಂದು ಹೋಗ್ತಾರ್ರೀ. ನೀರಿಗೆ ನಾ ದಿನಾ ಅದೇ ನಳಕ್ಕ ಹೋಗ್ಬೇಕಲ್ಲ."

ಕಮಲಾಪುರದಲ್ಲಿ ಬಸ್ ಇಳಿಯುವಾಗ ಆಕೆ, "ಇನ್ನೊಂದು ದವಾಖಾನಿ ನೋಡಬೇಕಿತ್ತೇನು?" ಎಂದಳು.

ದೊಡ್ಡಪ್ಪನವರ ಮೊಮ್ಮಗನಿಗೆ ನಿನ್ನೆ ಮತ್ತೆ ಫಿಟ್ಸ್ ಬಂದಿದೆ. ಪೊಲೀಸರಿಗೆ ಫೋನ್ ಮಾಡುವುದಿಲ್ಲವೆಂದು ಮಲ್ಕಮ್ಮ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ನಾಳೆ ಅಮಾವಾಸ್ಯೆ. ಬೆಳಿಗ್ಗೆಯೇ ನಾನು ಆಕೆಯ ಮನೆಗೆ ಹೋಗಿ, ಜನ ಬಂದು ಹೋಗುವವರೆಗೂ ಪಕ್ಕದಲ್ಲಿ ಕುಳಿತಿರುತ್ತೇನೆ.