ಉಂಟಾದವು ಅಲ್ಲ, ಮಾಡಿದೆವು

ಸರ್ಕಾರಿ ಮುದ್ರಣಾಲಯದ ಮೊದಲ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಮೂವತ್ತೊಂದು ವರ್ಷದಿಂದ ಕೂತಿದ್ದ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಹಾಜರಿ ಪುಸ್ತಕ ಬಿಟ್ಟರೆ ಇನ್ನಾರೂ ಅದನ್ನು ಬಳಸುತ್ತಿರಲಿಲ್ಲ. ಅಚ್ಚಿಗೆ ಹೋಗುವ ಮೊದಲು ಕರಡು ತಿದ್ದುವುದು ಅವರ ಕೆಲಸ, ಹಾಗಾಗಿ ಕರಡಪ್ಪ. ಸಿಟ್ಟು ಬಂದ ದಿನ ಕರಡಿಯಪ್ಪ. ಎರಡನೆಯದನ್ನು ಬೆನ್ನ ಹಿಂದೆ ಮಾತ್ರ ಹೇಳುತ್ತಿದ್ದರು. ಆದರೆ ಒಂದು ಗುಡಿಸು ಹೆಚ್ಚುಕಮ್ಮಿಯಾದರೂ ಹಿಡಿದುಬಿಡುವ ಮನುಷ್ಯನಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು.

ಕರಡಪ್ಪನವರ ಅಭಿಪ್ರಾಯಕ್ಕೆ ಸಿಕ್ಕದ ವಿಷಯ ಭೂಮಿಯ ಮೇಲೆ ಇರಲಿಲ್ಲ, ಭೂಮಿಯ ಆಚೆಗೂ ಇರಲಿಲ್ಲ. ಬಜೆಟ್ ಭಾಷಣ, ಮೀನುಗಾರಿಕೆಯ ವರದಿ, ಜನಗಣತಿಯ ಕೋಷ್ಟಕ, ಬಾಹ್ಯಾಕಾಶ ಇಲಾಖೆಯ ಕಿರುಹೊತ್ತಿಗೆ, ಎಲ್ಲವೂ ಅವರ ಕಣ್ಣ ಕೆಳಗೆ ಹಾದೇ ಹೊರಗೆ ಹೋಗಬೇಕು. "ಸರ್ಕಾರ ಬರೆದಿದ್ದನ್ನ ಮೊದಲಿಂದ ಕೊನೇವರೆಗೂ ಓದಿದೋನು ಈ ದೇಶದಲ್ಲಿ ನಾನೊಬ್ಬನೇ. ಬರೆದವರೂ ಓದಿಲ್ಲ," ಎಂದು ಚಹಾ ಕುಡಿಯುವ ಹೊತ್ತಿನಲ್ಲಿ ಹೇಳುತ್ತಿದ್ದರು. ಇಷ್ಟು ಓದಿದವನು ಸುಮ್ಮನಿರಬೇಕು ಎಂದರೆ ಅದು ಅನ್ಯಾಯವಲ್ಲವೇ?

ರಾಕೆಟ್ಟು ಹಾರಿಸುವುದು ದಂಡ ಎಂದು ಯಾರಾದರೂ ಬಾಯಿ ಬಿಟ್ಟರೆ ಮುಗಿಯಿತು. "ಬೀದೀಲಿ ಹೊಂಡ ಇದೆ, ಇವರು ಚಂದ್ರನ ಹೊಂಡ ನೋಡೋಕೆ ಹೊರಟಿದಾರೆ," ಎಂದು ಬೈಂಡಿಂಗ್ ವಿಭಾಗದವನೊಬ್ಬ ಒಮ್ಮೆ ಅಂದದ್ದಕ್ಕೆ ಕರಡಪ್ಪ ಲೋಟ ಕೆಳಗಿಟ್ಟರು. "ಲೋ, ರಾಕೆಟ್ ಹಾರಿಸೋದು ನಿಲ್ಲಿಸಿದ್ರೆ ನಾಳೆ ನಿನ್ನ ಹೊಂಡ ಮುಚ್ತಾರಾ? ಆಗ ಹೊಂಡವೂ ಇರತ್ತೆ, ರಾಕೆಟ್ಟೂ ಇರಲ್ಲ. ಮೇಲಕ್ಕೆ ನೋಡೋಕೆ ಒಂದಾದರೂ ನೆಪ ಇರಲಿ ಬಿಡೋ." ತಂತ್ರಜ್ಞಾನದ ಮೇಲೂ ಅವರಿಗೆ ದ್ವೇಷವಿರಲಿಲ್ಲ. ಕಾಗುಣಿತ ತಿದ್ದುವ ತಂತ್ರಾಂಶ ಬಂದಾಗ ಎಲ್ಲರೂ ಅವರ ಮುಖ ನೋಡಿದರು. ಅವರು ಒಂದು ವಾರ ಅದರ ಜೊತೆ ಜಗಳವಾಡಿ ತೀರ್ಪು ಕೊಟ್ಟರು: "ಒಳ್ಳೆ ಕೂಸು. ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. 'ಉಡಾವಣೆ' ಇರಬೇಕಾದ ಕಡೆ 'ಉಡಾಫೆ' ಅಂತ ಹೊಡೆದ್ರೂ ಸರಿ ಅನ್ನತ್ತೆ. ಕೆಲವು ಸಲ ಅದೇ ಸರಿ ಇರತ್ತೆ, ಅದು ಬೇರೆ ಮಾತು."

ಆದರೆ ಸರ್ಕಾರದ ಬಗ್ಗೆ ಅವರ ಮೂಲ ದೂರು ಇದ್ದದ್ದು ವ್ಯಾಕರಣದಲ್ಲಿ. ಸರ್ಕಾರಗಳು ಸುಳ್ಳು ಹೇಳುವುದಿಲ್ಲ, ಕ್ರಿಯಾಪದ ಬದಲಿಸುತ್ತವೆ ಎಂಬುದು ಅವರು ಇಷ್ಟು ವರ್ಷಗಳಲ್ಲಿ ಕಂಡುಕೊಂಡ ಸತ್ಯ. ಗೆದ್ದ ಕಡೆಯೆಲ್ಲ "ನಾವು ಮಾಡಿದೆವು", ಸೋತ ಕಡೆಯೆಲ್ಲ "ಉಂಟಾಯಿತು". ಸೇತುವೆ ಕಟ್ಟಿದವರು ಇರುತ್ತಾರೆ, ಕುಸಿದ ಸೇತುವೆ ಮಾತ್ರ ತಾನೇ ತಾನಾಗಿ ಕುಸಿದಿರುತ್ತದೆ.

ಇಂಥ ಮಾತುಗಳನ್ನು ಅವರು ಕರಡಿನ ಅಂಚಿನಲ್ಲೂ ಬರೆಯುತ್ತಿದ್ದರು. ಅದಕ್ಕೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ತಿದ್ದುಪಡಿ ಕೆಂಪು ಶಾಯಿಯಲ್ಲಿ, ಸ್ವಂತ ಅಭಿಪ್ರಾಯ ಪೆನ್ಸಿಲ್ಲಿನಲ್ಲಿ. "ಕೆಂಪು ಸರ್ಕಾರದ್ದು, ಪೆನ್ಸಿಲ್ ನನ್ನದು," ಎನ್ನುತ್ತಿದ್ದರು. ಹಾಳೆ ಟೈಪಿಗೆ ಹೋಗುವ ಮೊದಲು ಪೆನ್ಸಿಲ್ಲಿನದನ್ನೆಲ್ಲ ರಬ್ಬರಿನಿಂದ ಅಳಿಸಿ, ಪುಡಿಯನ್ನು ಕಿಟಕಿಯಿಂದ ಊದಿಬಿಡುತ್ತಿದ್ದರು. ಇಷ್ಟು ವರ್ಷಗಳ ರಾಜಕೀಯ ವಿಮರ್ಶೆ ಹೀಗೆ ಕೆಳಗಿನ ಸೈಕಲ್ ನಿಲ್ದಾಣದ ಮೇಲೆ ಉದುರಿತ್ತು.

ಆ ಹಾಳೆಗಳನ್ನು ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದವಳು ಪಕ್ಕದ ಕೋಣೆಯ ಟೈಪಮ್ಮ. ಏಳು ವರ್ಷದಿಂದ ಗುತ್ತಿಗೆಯ ಮೇಲಿದ್ದವಳು. ಹನ್ನೊಂದು ತಿಂಗಳಿಗೊಮ್ಮೆ ಅವಳ ಆದೇಶ ಮುಗಿದು, ಇನ್ನೊಂದು ಬರುವವರೆಗೆ ಅವಳ ಮುಖ ಬಾಡಿರುತ್ತಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ಮಾವ, ಓದುವ ಇಬ್ಬರು ಹೆಣ್ಣುಮಕ್ಕಳು. ಗಂಡ ಇದ್ದ, ಇದ್ದಾನೆ ಎಂದಷ್ಟೇ ಹೇಳಬಹುದು. ಅವಳಿಗೂ ಒಂದೇ ನಿಯಮ: ಕೆಂಪಿನಲ್ಲಿದ್ದರೆ ಹಾಕು, ಪ್ರಶ್ನೆ ಕೇಳಬೇಡ.

ಕರಡಪ್ಪನವರ ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಬಾಹ್ಯಾಕಾಶ ಇಲಾಖೆಯಿಂದ ಹದಿನಾರು ಪುಟದ ಹೊತ್ತಿಗೆ ಬಂತು. ಹೊಸ ಉಪಗ್ರಹದ ಉಡಾವಣೆಗೆ ಬರುವ ಅತಿಥಿಗಳಿಗೆ ಹಂಚಲು ನಾಲ್ಕು ಸಾವಿರ ಪ್ರತಿ. ಹಿಂದಿನ ಸಲದ ರಾಕೆಟ್ಟು ಮೇಲೆ ಹೋದ ಎರಡೇ ನಿಮಿಷಕ್ಕೆ ಸಮುದ್ರಕ್ಕೆ ಬಿದ್ದಿತ್ತು. ಅಂದು ಟೀವಿಯ ಮುಂದೆ ಕೂತಿದ್ದ ಕರಡಪ್ಪ ಮಕ್ಕಳ ಹಾಗೆ ಅತ್ತುಬಿಟ್ಟಿದ್ದರು. ಆಮೇಲೆ ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ ಎಂಜಿನಿಯರುಗಳನ್ನು ಹಿಗ್ಗಾಮುಗ್ಗಾ ಜಾಡಿಸಿದ್ದನ್ನು ಓದಿ ಓದಿ ಹೊಟ್ಟೆ ಉರಿಸಿಕೊಂಡಿದ್ದರು. ಕಾರಣ ಸರಳ: ಹೊಸ ಬಿಡಿಭಾಗ ಬೇಕೆಂದು ಎಂಜಿನಿಯರುಗಳು ಎರಡು ವರ್ಷ ಕೇಳಿದ್ದೂ, ಮೇಲಿನವರು ಕಡತವನ್ನು ಬೆಚ್ಚಗೆ ಮುಚ್ಚಿಟ್ಟಿದ್ದೂ ಅವರೇ ತಿದ್ದಿದ ವರದಿಯೊಂದರ ಅಡಿಟಿಪ್ಪಣಿಯಲ್ಲಿತ್ತು.

ಹೊತ್ತಿಗೆಯ ಮೊದಲ ಪುಟದಲ್ಲಿ ಮಂತ್ರಿಯ ಸಂದೇಶ, ಕೆಳಗೆ ದಪ್ಪ ಸಹಿ. ಕರಡಪ್ಪ ಕೆಂಪು ಪೆನ್ನು ಹಿಡಿದು ಅಲ್ಪವಿರಾಮ ಹಾಕುತ್ತ ಬಂದರು. ಮೂರನೆಯ ಸಾಲಿನಲ್ಲಿ ನಿಂತರು. "ಕಳೆದ ಉಡಾವಣೆಯಲ್ಲಿ ಕೆಲವು ತಪ್ಪುಗಳು ಉಂಟಾದವು."

ಪಿತ್ತ ನೆತ್ತಿಗೇರಿತು. ತಪ್ಪುಗಳೇನು ಅಣಬೆಗಳೇ, ತಾವಾಗಿಯೇ ಉಂಟಾಗಲು? ಪೆನ್ಸಿಲ್ ಹುಡುಕುವ ವ್ಯವಧಾನ ಎಲ್ಲಿಂದ ಬರಬೇಕು? ಕೈಯಲ್ಲಿದ್ದ ಪೆನ್ನಿನಿಂದಲೇ "ಉಂಟಾದವು" ಎಂಬುದನ್ನು ಹೊಡೆದುಹಾಕಿ, ಅಂಚಿನಲ್ಲಿ "ನಾವು ಮಾಡಿದೆವು" ಎಂದು ಗೀಚಿದರು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ. ಅಡುಗೆಮನೆಯ ನಲ್ಲಿ ಕಿತ್ತುಬಂದು ಮನೆಯೆಲ್ಲ ಕೆರೆಯಾಗಿತ್ತು. ಕರಡಪ್ಪ ಹಾಳೆಗಳನ್ನು ಟ್ರೇಗೆ ಒಗೆದು ಓಡಿದರು. ಮರುದಿನವೂ ನಲ್ಲಿಯವನನ್ನು ಕಾಯುತ್ತ ರಜೆ ಹಾಕಿದರು.

ಟೈಪಮ್ಮ ಕೆಂಪಿನಲ್ಲಿದ್ದದ್ದನ್ನು ಹಾಕಿದಳು. ಹಾಕಿದ ಮೇಲೆ ವಾಕ್ಯ ಕುಂಟುವುದು ಕಂಡು "ತಪ್ಪುಗಳು" ಇದ್ದದ್ದನ್ನು "ತಪ್ಪುಗಳನ್ನು" ಎಂದು ತಾನೇ ಸರಿಮಾಡಿದಳು. ಕರಡಪ್ಪನವರ ಕೈಕೆಳಗೆ ಪಳಗಿದವಳಲ್ಲವೇ! ಸೂಪರಿಂಟೆಂಡೆಂಟ್ ಎಂದಿನಂತೆ ಓದದೆ ಸಹಿ ಹಾಕಿದರು. ನಾಲ್ಕು ಸಾವಿರ ಪ್ರತಿಗಳು ಅಚ್ಚಾಗಿ ಉಡಾವಣಾ ಕೇಂದ್ರಕ್ಕೆ ಹೊರಟುಹೋದವು.

ಶುಕ್ರವಾರ ಮಧ್ಯಾಹ್ನ ಕರಡಪ್ಪ ತಮ್ಮ ಪ್ರತಿಯನ್ನು ತೆರೆದು, ಕಾಗದವನ್ನು ಬೆರಳಿನಿಂದ ಸವರಿ, ಸಂದೇಶ ಓದಿದರು. "ಕಳೆದ ಉಡಾವಣೆಯಲ್ಲಿ ಕೆಲವು ತಪ್ಪುಗಳನ್ನು ನಾವು ಮಾಡಿದೆವು." ಇನ್ನೊಮ್ಮೆ ಓದಿದರು. ವ್ಯಾಕರಣ ಶುದ್ಧವಾಗಿತ್ತು, ಅದೇ ಭಯ ಹುಟ್ಟಿಸಿತು.

ಒಂದು ಗಂಟೆಯೊಳಗೆ ಮಂತ್ರಿಯ ಕಚೇರಿಯಿಂದ ಫೋನು ಬಂತು. ಸಂದೇಶವನ್ನು ತಿರುಚಿದವರು ಯಾರು? ಸೋಮವಾರ ವರದಿ ಬೇಕು. ಸೂಪರಿಂಟೆಂಡೆಂಟ್ ಕೆಟ್ಟವರಲ್ಲ, ಹೆದರುಪುಕ್ಕಲರು. ಬೆವರು ಒರೆಸಿಕೊಳ್ಳುತ್ತ ವರದಿ ಬರೆದು, ರೂಢಿಯಂತೆ ಕರಡು ತಿದ್ದಲು ಯಾರ ಮೇಜಿಗೆ ಕಳಿಸಿದರು? ಕರಡಪ್ಪನವರ ಮೇಜಿಗೇ. "ಬೆರಳಚ್ಚಿನ ಹಂತದಲ್ಲಿ ಲೋಪ ಉಂಟಾಗಿದೆ. ಸಂಬಂಧಪಟ್ಟ ಗುತ್ತಿಗೆ ನೌಕರರ ಸೇವೆಯನ್ನು ಮುಂದುವರಿಸದಿರಲು ತೀರ್ಮಾನಿಸಲಾಗಿದೆ."

ಬಾಗಿಲಲ್ಲಿ ಟೈಪಮ್ಮ ನಿಂತಿದ್ದಳು. ವರದಿ ಅವಳು ನೋಡಿರಲಿಲ್ಲ, ಫೋನಿನ ಸುದ್ದಿ ಮಾತ್ರ ಕಿವಿಗೆ ಬಿದ್ದಿತ್ತು.

"ಸಾರ್, ಕೆಂಪಲ್ಲಿತ್ತು, ಅದಕ್ಕೇ ಹಾಕಿದೆ. ಏನಾದ್ರೂ ತಪ್ಪಾಯ್ತಾ?"

"ಏನಿಲ್ಲಮ್ಮ, ನೀನು ಮನೆಗೆ ಹೊರಡು," ಎಂದರು ಕರಡಪ್ಪ. ವರದಿಯನ್ನು ಚೀಲಕ್ಕೆ ತುರುಕಿಕೊಂಡು ತಾವೂ ಹೊರಟರು. ಅವರ ಬದುಕಿನಲ್ಲಿ ಅಷ್ಟು ಚಿಕ್ಕ ಉತ್ತರ ಕೊಟ್ಟದ್ದು ಅದೇ ಮೊದಲು.

ಎರಡು ದಿನ ಅವರು ಲೆಕ್ಕ ಹಾಕುತ್ತ ಕೂತರು. ನಿವೃತ್ತಿಗೆ ನಾಲ್ಕೇ ತಿಂಗಳು, ವಿಚಾರಣೆ ಶುರುವಾದರೆ ಪಿಂಚಣಿ ತಡೆದಿಡುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇದ್ದ ಒಂದೇ ಸಾಕ್ಷಿ, ಟೈಪಾಗಿ ಮರಳಿ ಬಂದ ಆ ಕೆಂಪು ಹಾಳೆ, ಅವರದೇ ಬೀರುವಿನಲ್ಲಿತ್ತು. ಭಾನುವಾರ ಬೆಳಿಗ್ಗೆ ಉಡಾವಣೆ. ರಾಕೆಟ್ಟು ಹೊಗೆ ಉಗುಳಿ ಎದ್ದು, ಗೆರೆ ಎಳೆದ ಹಾಗೆ ನೆಟ್ಟಗೆ ಹೋಗಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಟೀವಿಯಲ್ಲಿ ಎಲ್ಲರೂ ತಬ್ಬಿಕೊಂಡು ಕುಣಿದರು. ಕರಡಪ್ಪ ಮಾತ್ರ ಕುರ್ಚಿಯಲ್ಲಿ ಮುದುರಿ ಕೂತಿದ್ದರು.

"ಬಿದ್ದಾಗ ಅತ್ರಿ ಸರಿ, ಎದ್ದಾಗಲೂ ಅಳೋ ಮುಖ ಯಾಕೆ?" ಎಂದು ಹೆಂಡತಿ ಕೇಳಿದರು. ಅವರು ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ಬಂದವರು, ಗಾಯವನ್ನು ಬಿಚ್ಚಿ ನೋಡದೆ ಬಿಡುವವರಲ್ಲ. ಕರಡಪ್ಪ ಎಲ್ಲವನ್ನೂ ಹೇಳಿದರು. ಹೇಳುವಾಗ "ಹೇಗೋ ಹೀಗಾಗಿಹೋಯ್ತು ಕಣೇ" ಎಂದರು.

"ಆಗಿಹೋಯ್ತಾ?" ಹೆಂಡತಿ ಟೀವಿಯ ಸದ್ದು ಕಮ್ಮಿ ಮಾಡಿದರು. "ಮೂವತ್ತೊಂದು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ಮಂತ್ರಿಗಳ ಬಾಯಲ್ಲಿ ಈ ಮಾತು ಬಂದ್ರೆ ತಟ್ಟೆ ಕುಟ್ತಿದ್ರಲ್ಲ. ಈಗ ನಾನು ಯಾರ ತಟ್ಟೆ ಕುಟ್ಟಲಿ?"

ಕರಡಪ್ಪ ಎದ್ದು ಹೋಗಿ ಚೀಲದಿಂದ ಆ ವರದಿಯನ್ನು ಹೊರತೆಗೆದರು.

ಸೋಮವಾರ ಬೆಳಿಗ್ಗೆ ಅವರು ಬೀಗ ತೆಗೆಯುವ ಮೊದಲೇ ಮುದ್ರಣಾಲಯದ ಬಾಗಿಲಲ್ಲಿದ್ದರು. ವರದಿಯನ್ನು ಮೇಜಿನ ಮೇಲೆ ಹರಡಿ "ಲೋಪ ಉಂಟಾಗಿದೆ" ಎಂಬುದನ್ನು ಹೊಡೆದು "ತಪ್ಪನ್ನು ನಾನು ಮಾಡಿದೆ" ಎಂದು ಬರೆದರು. ಗುತ್ತಿಗೆ ನೌಕರರ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಗೆರೆ ಎಳೆದರು. ಬೀರುವಿನಿಂದ ಆ ಹಾಳೆ ತೆಗೆದು ಪಿನ್ನು ಚುಚ್ಚಿ ಸೂಪರಿಂಟೆಂಡೆಂಟರ ಮುಂದಿಟ್ಟರು.

ಸೂಪರಿಂಟೆಂಡೆಂಟ್ ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡು ಓದಿದರು. "ಏನ್ರೀ ಇದು? ತಿದ್ದುಪಡಿನೋ, ನಿಮ್ಮ ಅಭಿಪ್ರಾಯನೋ?"

"ಕೆಂಪಲ್ಲಿದೆ ಸಾರ್."

"ಪಿಂಚಣಿ ಗತಿ?"

"ಅದು ಏನಾಗತ್ತೋ ಆಗಲಿ. ಆ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಹಾಕಿ ನಾನು ಊಟ ಮಾಡೋಕೆ ಆಗಲ್ಲ."

ವರದಿ ಹೋಯಿತು. ಎಂಟು ದಿನ ಉತ್ತರವಿಲ್ಲ. ಆ ಎಂಟು ದಿನ ಕರಡಪ್ಪ ಚಹಾದ ಹೊತ್ತಿಗೆ ಕೆಳಗಿಳಿಯಲಿಲ್ಲ. ಬೈಂಡಿಂಗಿನವನು ಬೇಕೆಂದೇ ಚಂದ್ರನ ಹೊಂಡದ ಮಾತೆತ್ತಿ ಕಾದು ನೋಡಿದ, ಪ್ರಯೋಜನವಾಗಲಿಲ್ಲ. ಮೆಟ್ಟಿಲ ಮೇಲೆ ಅಂಚೆಯವನ ಸಪ್ಪಳವಾದರೆ ಪೆನ್ನು ಕೆಳಗಿಟ್ಟು ಬಾಗಿಲ ಕಡೆ ನೋಡುತ್ತಿದ್ದರು. ಟೈಪಮ್ಮನಿಗೆ ಎಲ್ಲ ಗೊತ್ತಾಗಿತ್ತು. ಅವಳು ಅವರ ಚಹಾದ ಲೋಟವನ್ನು ತಾನೇ ಮೇಲೆ ತಂದಿಡುತ್ತಿದ್ದಳು.

ಒಂಬತ್ತನೆಯ ದಿನ ಸೂಪರಿಂಟೆಂಡೆಂಟ್ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ತಾವೇ ಬಂದರು. ಕೈಯಲ್ಲಿ ಕಾಗದ. "ಮಾನ್ಯ ಮಂತ್ರಿಗಳ ಸಂದೇಶವನ್ನು ಪರಿಶೀಲಿಸಲಾಗಿ, ಅದರಲ್ಲಿ ಯಾವುದೇ ದೋಷ ಕಂಡುಬಂದಿಲ್ಲ. ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ."

"ಅಲ್ರೀ, ಆದದ್ದೇನು ಗೊತ್ತಾ?" ಸೂಪರಿಂಟೆಂಡೆಂಟರಿಗೆ ನಗು ತಡೆಯಲಾಗುತ್ತಿರಲಿಲ್ಲ. "ಉಡಾವಣೆ ಆದಮೇಲೆ ಆ ಎಂಜಿನಿಯರುಗಳ ಮುಖ್ಯಸ್ಥರು ಮಂತ್ರಿ ಕೈ ಹಿಡ್ಕೊಂಡು ಬಿಡಲೇ ಇಲ್ಲವಂತೆ. 'ಎಲ್ಲರೂ ನಮ್ಮ ಕಡೆ ಬೆರಳು ತೋರಿಸಿದ್ರು. ನಾವು ಮಾಡಿದೆವು ಅಂತ ಹೇಳಿದೋರು ತಾವೊಬ್ಬರೇ' ಅಂದ್ರಂತೆ. ಕಣ್ಣಲ್ಲಿ ನೀರಂತೆ. ಫೋನು ಮಾಡಿದ್ದು ಅವರ ಕಚೇರಿಯೋರು, ಮಂತ್ರಿಗೆ ಅದೇನು ಅಂತಲೇ ಗೊತ್ತಿಲ್ಲ, ಪಾಪ, ಕಾರಲ್ಲಿ ಕೂತಮೇಲೆ ಹೊತ್ತಿಗೆ ತರಿಸಿ ಓದಿದಾರೆ. ಇನ್ನು ಅದು ನಾನು ಬರೆದದ್ದಲ್ಲ ಅನ್ನೋಕಾಗತ್ತಾ?"

ಕರಡಪ್ಪ ಕುರ್ಚಿಯಲ್ಲಿ ಕುಸಿದರು. ಹೋದ ಜೀವ ಬಂದಂತಾಯಿತು. ಆಮೇಲೆ ನಕ್ಕರು, ಕೆಮ್ಮು ಬರುವವರೆಗೂ ನಕ್ಕರು. "ಗೊಳಿಸಲಾಗಿದೆ, ಗೊಳಿಸಲಾಗಿದೆ," ಎಂದು ಕಾಗದವನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಇಷ್ಟು ಚೆಂದದ ಕ್ರಿಯಾಪದವನ್ನು ಇಷ್ಟು ದಿನ ಸುಮ್ಮನೆ ಬೈದೆನಲ್ಲ ಎನಿಸಿತು. ಅಂದು ಚಹಾದ ಹೊತ್ತಿಗೆ ಕೆಳಗಿಳಿದು, ಬೈಂಡಿಂಗಿನವನಿಗೆ ಉಪಗ್ರಹ, ಹೊಂಡ, ಮಂತ್ರಿಮಂಡಲ ಮೂರನ್ನೂ ಸೇರಿಸಿ ಒಂದು ಗಂಟೆ ಪಾಠ ಮಾಡಿದರು. ಅವನು ಕೊನೆಯವರೆಗೂ ಕೂತು ಕೇಳಿದ. ಅವನಿಗೂ ಸಮಾಧಾನವಾಗಿತ್ತು.

ತಿಂಗಳ ಕೊನೆಗೆ ಟೈಪಮ್ಮ ಒಂದು ಹಾಳೆ ಹಿಡಿದು ಬಂದಳು. ಅವಳ ಹೊಸ ಆದೇಶ. ತನ್ನ ಆದೇಶವನ್ನು ತಾನೇ ಟೈಪು ಮಾಡುವಂತಿಲ್ಲ ಎಂಬ ನಿಯಮವಿದ್ದದ್ದರಿಂದ ಸೂಪರಿಂಟೆಂಡೆಂಟರೇ ಎರಡು ಬೆರಳಲ್ಲಿ ಕುಟ್ಟಿ ಸಹಿ ಹಾಕಿದ್ದರು.

"ಸಾರ್, ಒಂದ್ಸಲ ನೋಡ್ಬಿಡಿ. ಏನಾದ್ರೂ ಹೆಚ್ಚುಕಮ್ಮಿ ಇದ್ರೆ ಆಮೇಲೆ ಕಷ್ಟ."

ಕರಡಪ್ಪ ಕೆಂಪು ಪೆನ್ನಿನ ಮುಚ್ಚಳ ತೆಗೆದು, ಮೊದಲ ಅಕ್ಷರದಿಂದ ಓದಿದರು. ಒಂದು ಕಡೆ ದೀರ್ಘ ಬಿಟ್ಟುಹೋಗಿತ್ತು, ಹಾಕಿದರು. ಕೊನೆಯ ಸಾಲಿಗೆ ಬಂದರು. "ಇವರನ್ನು ಈ ಹುದ್ದೆಯಲ್ಲಿ ಮುಂದುವರಿಸಲಾಗಿದೆ." ಪೆನ್ನು ಅಲ್ಲೇ ನಿಂತಿತು. ಏಳು ವರ್ಷದ ಏಳು ಆದೇಶಗಳನ್ನೂ ತಿದ್ದಿದ್ದವರು ಅವರೇ. "ಮುಂದುವರಿಸಲಾಗಿದೆ" ಎಂಬುದರ ಹಿಂದೆ ಪ್ರತಿ ಸಲವೂ "ತಾತ್ಕಾಲಿಕವಾಗಿ, ಹನ್ನೊಂದು ತಿಂಗಳ ಅವಧಿಗೆ" ಎಂದಿರುತ್ತಿತ್ತು. ಈ ಸಲ ಸೂಪರಿಂಟೆಂಡೆಂಟರ ಎರಡು ಬೆರಳುಗಳು ಅಷ್ಟನ್ನೂ ಹಾರಿಸಿಬಿಟ್ಟಿದ್ದವು.

ಕರಡಪ್ಪ ತಲೆಯೆತ್ತಿ ಟೈಪಮ್ಮನನ್ನು ನೋಡಿದರು. ಅವಳು ಮೇಜಿನ ಅಂಚು ಹಿಡಿದು ನಿಂತಿದ್ದಳು.

"ಬಿಟ್ಟಿದೆಯಾ ಸಾರ್ ಏನಾದ್ರೂ?"

"ಒಂದು ದೀರ್ಘ ಬಿಟ್ಟಿತ್ತು, ಹಾಕಿದೀನಿ," ಎಂದು ಕರಡಪ್ಪ ಪೆನ್ನಿಗೆ ಮುಚ್ಚಳ ಹಾಕಿದರು. "ಮಿಕ್ಕಿದ್ದೆಲ್ಲ ಸರಿಯಾಗಿದೆಯಮ್ಮ. ಹೋಗಿ ಕಡತಕ್ಕೆ ಸೇರಿಸು."